ವಸಂತದ ಹಿತ್ತಲು: ಸಂಕ್ರಾಂತಿಯಿಂದ ಮುಂಗಾರಿನವರೆಗೆ ತರಕಾರಿ ಬೆಳೆಯುವ ಬಗೆ

ವಸಂತ ಎಂದೊಡನೆ ಚಿಗುರು, ಮಾವಿನ ಹೂವು, ಕೋಗಿಲೆ ನೆನಪಾಗುವುದು ಸಹಜ. ಆದರೆ ಮನೆಯ ಹಿತ್ತಲಿನಲ್ಲಿ ತರಕಾರಿ ಬೆಳೆಯುವವರಿಗೆ ಮೈಸೂರು ಸೀಮೆಯ ವಸಂತವು ಬೇಸಿಗೆಯ ಹೊಸ್ತಿಲು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ಅಲ್ಲಿಂದ ನಾಲ್ಕೈದು ವಾರ ಕಳೆದು ಯುಗಾದಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಿರುತ್ತದೆ. ಎಳೆಯ ಬಿಸಿಲಿನಲ್ಲಿ ಮೊಳೆತ ಗಿಡ ಹೂವು ಬಿಡುವ ಹೊತ್ತಿಗೆ ಉರಿಬಿಸಿಲನ್ನು ಎದುರಿಸಬೇಕಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಕಾಲದ ಎಲ್ಲ ಕೆಲಸಗಳನ್ನೂ ಯೋಜಿಸಬೇಕು.

ನಮ್ಮ ಹಿತ್ತಲು ದೊಡ್ಡದಲ್ಲ. 20 ಅಡಿ ಉದ್ದ, 12 ಅಡಿ ಅಗಲದ ಕೆಮ್ಮಣ್ಣಿನ ತುಂಡು, ಮೂಲೆಯಲ್ಲೊಂದು ಕರಿಬೇವು, ಕಾಂಪೌಂಡಿನ ಆಚೆ ರಸ್ತೆಬದಿಯ ಹೊಂಗೆ ಮರ, ತಾರಸಿಯ ಮೇಲೆ 14 ಗ್ರೋ ಬ್ಯಾಗುಗಳು, ಇಷ್ಟೇ. ಮೊದಲ ಎರಡು ವಸಂತಗಳಲ್ಲಿ ನಾನು ತರಕಾರಿಗಿಂತ ಹೆಚ್ಚಾಗಿ ಔಷಧಿಯ ಶೀಶೆಗಳನ್ನು ಮನೆಗೆ ತಂದೆ. ಎಲೆ ಮುದುಡಿದರೆ ಒಂದು, ಹೂವು ಉದುರಿದರೆ ಇನ್ನೊಂದು, ಕಾಯಿಯ ತಳ ಕಪ್ಪಾದರೆ ಮತ್ತೊಂದು. ಆ ವರ್ಷ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯವರು ಟೊಮೆಟೊ ಗಿಡದ ಬುಡದಲ್ಲಿ ತೋರುಬೆರಳನ್ನು ಎರಡು ಗೆಣ್ಣು ಇಳಿಸಿ, ಒಣಮಣ್ಣು ಹತ್ತಿದ ಬೆರಳನ್ನು ನನಗೆ ತೋರಿಸಿ, “ಮೇಲೆ ಮೇಲೆ ನೀರು ಚುಮುಕಿಸಿದ್ದೀರಿ, ಬೇರಿಗೆ ಏನೂ ಸಿಕ್ಕಿಲ್ಲ ನೋಡಿ” ಎಂದರು. ನಾನು ರೋಗವೆಂದುಕೊಂಡಿದ್ದ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿನ ಏರುಪೇರು, ಬಿಸಿಲಿನ ಝಳ ಮತ್ತು ತಪ್ಪಿದ ಬಿತ್ತನೆಯ ಸಮಯದಿಂದ ಬಂದವು ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಈ ಬರಹದಲ್ಲಿ ಕೀಟ, ರೋಗಗಳಿಗಿಂತ ಆ ಮೂರಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಅದೇ ಕಾರಣ.

ಯಾವಾಗ ಬಿತ್ತಬೇಕು

ವಸಂತದ ತೋಟದ ಕೆಲಸವನ್ನು ವಸಂತದಲ್ಲಿ ಆರಂಭಿಸಿದರೆ ಕೆಲವು ತರಕಾರಿಗಳ ಮಟ್ಟಿಗೆ ಆಗಲೇ ತಡವಾಗಿರುತ್ತದೆ. ಟೊಮೆಟೊವನ್ನೇ ನೋಡಿ. ಅದರ ಸಸಿ ಮಡಿಯಲ್ಲಿ 25ರಿಂದ 30 ದಿನ ಇರಬೇಕು. ನಾಟಿ ಮಾಡಿದ ಮೇಲೆ ಹೂವು ಕಾಣಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದ ದಿನಗಳಲ್ಲಿ ಟೊಮೆಟೊದ ಪರಾಗ ಸತ್ವ ಕಳೆದುಕೊಳ್ಳುವುದರಿಂದ ಹೂವು ಕಾಯಿಕಟ್ಟದೆ, ತೊಟ್ಟು ಹಳದಿಯಾಗಿ ಉದುರಿಬಿಡುತ್ತದೆ. ಹಾಗಾಗಿ ಮನೆಮನೆಗೆ ಎಳ್ಳು ಬೀರುವ ಹೊತ್ತಿಗೆ ಟೊಮೆಟೊ, ಬದನೆ ಮತ್ತು ಮೆಣಸಿನಕಾಯಿಯ ಬೀಜಗಳು ಸಸಿಮಡಿಯಲ್ಲಿ ಮೊಳೆತಿರಬೇಕು. ಫೆಬ್ರುವರಿಯ ಮೊದಲ ವಾರ ನಾಟಿ ಮಾಡಿದ ಟೊಮೆಟೊ ಮಾರ್ಚಿಯಲ್ಲಿ ಹೂಬಿಟ್ಟು, ಬಿಸಿಲು ತೀವ್ರವಾಗುವ ಮೊದಲೇ ಕಾಯಿಕಟ್ಟುತ್ತದೆ. ಯುಗಾದಿಯ ಶುಭದಿನದಂದು ಟೊಮೆಟೊ ಸಸಿ ನೆಡುವ ಆಸೆ ಯಾರಿಗಾದರೂ ಇದ್ದರೆ, ಆ ದಿನ ಬೆಂಡೆ ಬೀಜ ಊರುವುದು ಮೇಲು; ಬೆಂಡೆಗೆ ಆ ಬಿಸಿಲು ಹಿತ.

ನೇರವಾಗಿ ನೆಲಕ್ಕೆ ಊರುವ ಬೆಂಡೆ, ಗೋರಿಕಾಯಿ, ಅಲಸಂದೆ, ಸೌತೆ, ಹೀರೆ, ಹಾಗಲ, ಸೋರೆ, ಪಡವಲ, ಕುಂಬಳ ಇವುಗಳಿಗೆ ಫೆಬ್ರುವರಿಯ ಎರಡನೆಯ ವಾರದಿಂದ ಮಾರ್ಚಿಯ ಮೊದಲ ವಾರದವರೆಗೆ ಒಳ್ಳೆಯ ಕಾಲ. ಅದಕ್ಕೆ ಮುಂಚೆ ಊರಿದರೆ ಬೆಳಗಿನ ಚಳಿಗೆ ಬೀಜ ಮಂಕಾಗಿ ಕೊಳೆಯುವುದುಂಟು. ಬೆಂಡೆ ಸುಮಾರು 45 ದಿನಕ್ಕೆ, ಸೌತೆ 40ರಿಂದ 45 ದಿನಕ್ಕೆ, ಹೀರೆ, ಹಾಗಲ, ಸೋರೆಗಳು ಎರಡು ತಿಂಗಳ ಆಸುಪಾಸಿಗೆ ಮೊದಲ ಕೊಯ್ಲು ಕೊಡುತ್ತವೆ. ದಂಟು, ಹರಿವೆಗಳನ್ನು ಈ ಅವಧಿಯುದ್ದಕ್ಕೂ ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಚೆಲ್ಲುತ್ತ ಹೋಗಬಹುದು.

ಯಾವುದನ್ನು ಬಿಡಬೇಕು

ನನ್ನ ಅತಿ ದೊಡ್ಡ ಸೋಲು ಅವರೆಯದು. ಸಂಕ್ರಾಂತಿಯ ಹೊತ್ತಿಗೆ ತಂದಿದ್ದ ಸೊಗಡಿನ ಅವರೆಯಲ್ಲಿ ಬಲಿತ ನಾಲ್ಕಾರು ಕಾಳುಗಳನ್ನು ಎತ್ತಿಟ್ಟು, ಫೆಬ್ರುವರಿಯಲ್ಲಿ ಚಪ್ಪರದ ಬುಡಕ್ಕೆ ಊರಿದೆ. ಬಳ್ಳಿ ಎಂಥ ಸೊಂಪಾಗಿ ಹಬ್ಬಿತೆಂದರೆ ನೆರೆಮನೆಯವರು ಬಂದು ನೋಡಿ ಹೋದರು. ಜೂನ್ ಬಂದರೂ ಒಂದು ಹೂವಿಲ್ಲ. ನಾಡಿನ ಹಳೆಯ ಅವರೆ ತಳಿಗಳು ಹಗಲು ಗಿಡ್ಡವಾಗುವ ಕಾಲದಲ್ಲಿ ಮಾತ್ರ ಹೂಬಿಡುವಂಥವು. ಹಗಲು ದಿನೇದಿನೇ ಉದ್ದವಾಗುವ ವಸಂತದಲ್ಲಿ ಅವು ಎಲೆಯನ್ನಷ್ಟೇ ಬೆಳೆಸುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ರೂಪಿಸಿದ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಹಗಲಿನ ಉದ್ದದ ಈ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲೂ ಅವು ಕಾಯಿ ಬಿಡುತ್ತವೆ. ಸೊಗಡಿನ ವಿಷಯದಲ್ಲಿ ಮಾತ್ರ ಮಾಗಿಯ ಅವರೆಗೆ ಅವು ಸಾಟಿಯಲ್ಲ ಎಂಬುದು ನನ್ನ ನಾಲಗೆಯ ತೀರ್ಪು.

ಕೋಸು, ಹೂಕೋಸು, ಬಟಾಣಿ, ಕ್ಯಾರೆಟ್, ಬೀಟ್‌ರೂಟ್‌ಗಳನ್ನು ಈ ಕಾಲದಲ್ಲಿ ಬಯಲುಸೀಮೆಯ ಹಿತ್ತಲಿನಲ್ಲಿ ಹಾಕಲೇಬಾರದು. ಹುರುಳಿಕಾಯಿಯನ್ನು ಜನವರಿಯಲ್ಲೇ ಊರಿದರೆ ಒಂದೆರಡು ಕೊಯ್ಲು ಸಿಗಬಹುದು. ಮಾರ್ಚಿಯಲ್ಲಿ ಊರಿದರೆ ಹೂವು ಉದುರುತ್ತದೆ. ಅದರ ಬದಲು ಅಲಸಂದೆ ಹಾಕುವುದು ಜಾಣತನ. ಅದು ಬಿಸಿಲಿಗೆ ಬಗ್ಗುವ ಗಿಡವಲ್ಲ, ಕಾಯಿ ಎಳೆಯದಾಗಿದ್ದಾಗ ಪಲ್ಯಕ್ಕೂ ಬಲಿತ ಮೇಲೆ ಕಾಳಿಗೂ ಒದಗುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕವನ್ನೂ ಕೂಡಿಡುತ್ತದೆ.

ತಳಿಗಳ ಬಗ್ಗೆ ಒಂದು ಮಾತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ನಮ್ಮ ಹವೆಗೆ ಒಗ್ಗಿದವು. ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಸುಮೀತ್ ಹೀರೆ, ಅರ್ಕಾ ಹರಿತ್ ಹಾಗಲ, ಅರ್ಕಾ ಬಹಾರ್ ಸೋರೆ ಇವನ್ನು ನಾನು ಬೆಳೆದು ಮೆಚ್ಚಿದ್ದೇನೆ. ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುಟುರು ನಂಜು, ದುಂಡಾಣು ಸೊರಗು ಮತ್ತು ಅಂಗಮಾರಿ ಈ ಮೂರಕ್ಕೂ ತಡೆಶಕ್ತಿಯುಳ್ಳ ಸಂಕರಣ ತಳಿ. ಸಂಕರಣವಾದ್ದರಿಂದ ಅದರ ಹಣ್ಣಿನಿಂದ ತೆಗೆದ ಬೀಜ ಮುಂದಿನ ವರ್ಷ ಅದೇ ಗುಣವನ್ನು ಕೊಡುವುದಿಲ್ಲ.

ಮಣ್ಣು ಮತ್ತು ಬೀಜ

ಮೈಸೂರಿನ ಕೆಮ್ಮಣ್ಣು ಬೇಗ ಕಾಯುತ್ತದೆ, ಬೇಗ ಒಣಗುತ್ತದೆ, ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ. ಜನವರಿಯಲ್ಲಿಯೇ ಒಂದು ಗೇಣು ಆಳಕ್ಕೆ ಅಗೆದು, ಹೆಂಟೆ ಒಡೆದು, ಚದರ ಮೀಟರಿಗೆ ಎರಡರಿಂದ ಮೂರು ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಬೇಕು. ಗೊಬ್ಬರ ಕಳಿತಿದೆಯೇ ಎಂಬುದಕ್ಕೆ ಮೂಗೇ ಸಾಕ್ಷಿ: ಸಗಣಿಯ ವಾಸನೆ ಉಳಿದಿದ್ದರೆ ಅದು ಇನ್ನೂ ಹಸಿ, ಮಣ್ಣಿನ ವಾಸನೆ ಬರುತ್ತಿದ್ದರೆ ಹದ. ಹಸಿಗೊಬ್ಬರ ಹಾಕಿದರೆ ಅದರ ಕಾವಿಗೆ ಬೇರು ಬೇಯುವುದಲ್ಲದೆ ಗೆದ್ದಲೂ ಗೊಣ್ಣೆಹುಳುವೂ ಬರುತ್ತವೆ. ಬೇಸಿಗೆಯಲ್ಲಿ ಏರುಮಡಿ ಬೇಡ; ಮಡಿ ಸುತ್ತಲ ನೆಲಕ್ಕಿಂತ ಎರಡು ಬೆರಳು ತಗ್ಗಾಗಿದ್ದರೆ ಹಾಕಿದ ನೀರು ನಿಂತು ಇಂಗುತ್ತದೆ. ಮಳೆ ಶುರುವಾದ ಮೇಲೆ ಅದೇ ಮಡಿಯ ಅಂಚನ್ನು ಒಡೆದು ನೀರು ಹೊರಹೋಗುವಂತೆ ಮಾಡಬೇಕಾಗುತ್ತದೆ, ಆ ಮಾತು ಮುಂದೆ ಬರುತ್ತದೆ.

ಬ್ಯಾಗುಗಳಿಗೆ ಎರಡು ಪಾಲು ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಸಾಕು. ನಾರಿನ ಪುಡಿಯ ಇಟ್ಟಿಗೆಯನ್ನು ಬಳಸುವ ಮೊದಲು ನೀರಿನಲ್ಲಿ ನೆನೆಸಿ, ಆ ಕಂದು ನೀರನ್ನು ಎರಡು ಮೂರು ಬಾರಿ ಬಸಿದು ಚೆಲ್ಲುವುದನ್ನು ಮರೆಯಬಾರದು; ಅದರಲ್ಲಿ ಉಳಿದ ಉಪ್ಪಿನಿಂದಲೇ ನನ್ನ ಒಂದು ತಂಡದ ಮೆಣಸಿನ ಸಸಿಗಳು ಎಲೆಯಂಚು ಸುಟ್ಟುಕೊಂಡು ಹೋದವು.

ಬೀಜದ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಬೆಂಡೆಯನ್ನು ಒಂದು ರಾತ್ರಿ ನೆನೆಹಾಕಿ ಊರಬೇಕು. ಹಾಗಲದ ಬೀಜದ ಚಿಪ್ಪು ಗಟ್ಟಿ. ಮೂತಿಯನ್ನು ಉಗುರುಕತ್ತರಿಯಿಂದ ತುಸುವೇ ಮುರಿದು, ಒಂದು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೊಳಕೆ ಇಣುಕಿದ ಮೇಲೆ ಊರಿದರೆ ನಿರಾಶೆಯಾಗದು. ಸಸಿಮಡಿಗೆ ಸಂಜೆ ನೀರು ಹಾಕಬಾರದು. ರಾತ್ರಿಯೆಲ್ಲ ಒದ್ದೆಯಾಗಿದ್ದ ಮಡಿಯಲ್ಲಿ ಎಳೆಯ ಸಸಿಗಳು ಬುಡ ಕೊಳೆತು ಸಾಲಾಗಿ ಮಲಗಿಬಿಡುತ್ತವೆ.

ನೀರು

ಇಲ್ಲಿಂದ ಮುಂದೆ ಇಡೀ ತೋಟ ನಿಂತಿರುವುದು ನೀರಿನ ಮೇಲೆ. ಮೊದಲು ಲೆಕ್ಕ ಹಾಕಿಕೊಳ್ಳೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ನಮ್ಮ ಹಿತ್ತಲು ಸುಮಾರು 22 ಚದರ ಮೀಟರ್. ಓಡಾಡುವ ಜಾಗ ಬಿಟ್ಟು ಗಿಡವಿರುವುದು ಅದರ ಅರ್ಧ. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರಿನಂತೆ ಕೊಡುವುದಾದರೆ 55 ಲೀಟರ್, ಅಂದರೆ ಹೆಚ್ಚುಕಡಿಮೆ ನಾಲ್ಕು ಬಕೆಟ್ ನೀರು ಬೇಕು. ಇಷ್ಟು ನೀರು ದಿನವೂ ಸಿಗುವುದೇ ಎಂದು ನೋಡಿಕೊಂಡು ತೋಟದ ಅಳತೆಯನ್ನು ಗೊತ್ತುಮಾಡಬೇಕೇ ಹೊರತು, ಮೊದಲು ಎಲ್ಲೆಡೆ ಬಿತ್ತಿ ಆಮೇಲೆ ನಲ್ಲಿಯ ಮುಂದೆ ನಿಲ್ಲಬಾರದು. ಮೂರನೆಯ ವರ್ಷ ನಾನು ಅರ್ಧ ಜಾಗವನ್ನೇ ಬಿತ್ತಿದೆ; ಕೊಯ್ಲು ಹಿಂದಿನ ಎರಡು ವರ್ಷಗಳಿಗಿಂತ ಹೆಚ್ಚಾಯಿತು.

ದಿನಕ್ಕೆ ಮೂರು ಬಾರಿ ಮೇಲ್ಮೈ ಒದ್ದೆ ಮಾಡುವುದರಿಂದ ಬೇರುಗಳು ಮೇಲೆಯೇ ಹರಡಿ, ಒಂದು ದಿನ ನೀರು ತಪ್ಪಿದರೂ ಗಿಡ ಬಾಡುತ್ತದೆ. ಬೆಳಗ್ಗೆ ಎಂಟು ಗಂಟೆಯೊಳಗೆ, ಒಂದೇ ಸಲ, ನೀರು ಅರ್ಧ ಅಡಿ ಇಳಿಯುವಂತೆ ನಿಧಾನವಾಗಿ ಬುಡಕ್ಕೆ ಕೊಡಬೇಕು. ಮಧ್ಯಾಹ್ನ ಎರಡು ಗಂಟೆಗೆ ಸೋರೆ, ಕುಂಬಳದ ಎಲೆಗಳು ಜೋತುಬಿದ್ದಿರುವುದನ್ನು ಕಂಡು ಗಾಬರಿಯಾಗಿ ನೀರು ಸುರಿಯುವುದು ಎಲ್ಲ ಹೊಸಬರ ತಪ್ಪು. ಅಗಲ ಎಲೆಯ ಗಿಡಗಳು ಆ ಹೊತ್ತಿನಲ್ಲಿ ಬೇರು ಎಳೆದುಕೊಡುವುದಕ್ಕಿಂತ ಹೆಚ್ಚು ನೀರನ್ನು ಆವಿಯಾಗಿ ಬಿಡುವುದರಿಂದ ಎಲೆ ಜೋಲುತ್ತದೆ. ಸಂಜೆ ಆರಕ್ಕೆ ಎಲೆ ಮತ್ತೆ ಎದ್ದು ನಿಂತಿದ್ದರೆ ಚಿಂತೆಯಿಲ್ಲ. ಬೆಳಗ್ಗೆಯೂ ಎಲೆ ಜೋತಿದ್ದರೆ ಮಾತ್ರ ಬೆರಳು ಇಳಿಸಿ ನೋಡಬೇಕು. ಮಣ್ಣು ಒಣಗಿದ್ದರೆ ನೀರು ಕೊಡಬೇಕು. ಹಸಿಯಿದ್ದೂ ಗಿಡ ಬಾಡಿದ್ದರೆ ಅದು ಸೊರಗು ರೋಗ. ಟೊಮೆಟೊ, ಬದನೆಗಳಲ್ಲಿ ಇದನ್ನು ಖಚಿತಪಡಿಸಿಕೊಳ್ಳುವ ಸುಲಭ ಉಪಾಯವಿದೆ: ಬುಡದ ಕಾಂಡದ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿಬಿಟ್ಟರೆ, ಕೆಲವೇ ನಿಮಿಷಗಳಲ್ಲಿ ಅದರಿಂದ ಹಾಲಿನಂಥ ಎಳೆ ಇಳಿಯುವುದು ದುಂಡಾಣು ಸೊರಗಿನ ಗುರುತು. ಅಂಥ ಗಿಡವನ್ನು ಬೇರುಸಮೇತ ಕಿತ್ತು ಹೊರಹಾಕಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು, ಆ ಜಾಗದಲ್ಲಿ ಮುಂದಿನ ಕೆಲವು ವರ್ಷ ಬದನೆಯ ಜಾತಿಯ ಗಿಡಗಳನ್ನು ನೆಡಬಾರದು.

ಬಳ್ಳಿಗಳಿಗೆ ಮಡಕೆಯ ನೀರಾವರಿಯಷ್ಟು ನನಗೆ ನೆಮ್ಮದಿ ಕೊಟ್ಟ ಉಪಾಯ ಇನ್ನೊಂದಿಲ್ಲ. ಐದಾರು ಲೀಟರ್ ಹಿಡಿಯುವ, ಬಣ್ಣ ಬಳಿಯದ ಸಾಧಾರಣ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ಸುತ್ತ ಒಂದು ಗೇಣು ದೂರದಲ್ಲಿ ಮೂರು ನಾಲ್ಕು ಬೀಜ ಊರಬೇಕು. ಮಡಕೆಯ ಮೈಯಿಂದ ನೀರು ಜಿನುಗಿ ಸುತ್ತಲ ಮಣ್ಣು ಸದಾ ಹದವಾಗಿರುತ್ತದೆ, ಬೇರುಗಳು ಮಡಕೆಯನ್ನೇ ತಬ್ಬಿಕೊಂಡು ಬೆಳೆಯುತ್ತವೆ. ಬಾಯಿಗೆ ತಟ್ಟೆ ಮುಚ್ಚದಿದ್ದರೆ ಸೊಳ್ಳೆ ಮರಿಮಾಡುತ್ತದೆ. ಬೇಸಿಗೆ ರಜೆಯಲ್ಲಿ ಮೂರು ದಿನ ಊರಿಗೆ ಹೋಗಿಬರುವಷ್ಟು ಬಿಡುವನ್ನು ಈ ಮಡಕೆ ಕೊಡುತ್ತದೆ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಧಾರಾಳವಾಗಿ ಬಳಸಬಹುದು. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನು ದಿನವೂ ಬ್ಯಾಗುಗಳಿಗೆ ಹಾಕುವುದು ಸರಿಯಲ್ಲ, ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟತೊಡಗಿದರೆ ಅದೇ ಎಚ್ಚರಿಕೆ.

ಹೊದಿಕೆಯಿಲ್ಲದೆ ಈ ನೀರೆಲ್ಲ ಅರ್ಧ ವ್ಯರ್ಥ. ಅದೃಷ್ಟವಶಾತ್ ಹೊಂಗೆಯ ಮರ ಎಲೆ ಉದುರಿಸುವುದು ಫೆಬ್ರುವರಿ, ಮಾರ್ಚಿಯಲ್ಲಿಯೇ. ಬೀದಿಯಲ್ಲಿ ಗುಡಿಸಿ ಬೆಂಕಿಯಿಡುವ ಆ ತರಗೆಲೆಯನ್ನು ಎರಡು ಚೀಲ ತಂದು ಮೂರು ಬೆರಳು ದಪ್ಪ ಹರಡಿದರೆ ಮಣ್ಣಿನ ಕಾವು ಇಳಿಯುತ್ತದೆ, ಕಳೆ ಹುಟ್ಟುವುದಿಲ್ಲ, ಮಳೆಗಾಲದ ಹೊತ್ತಿಗೆ ಅದೇ ಗೊಬ್ಬರವಾಗಿರುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಬೇಕು. ತಾರಸಿಯಲ್ಲಿ ಕಾಂಕ್ರೀಟಿನ ಕಾವು ಕೆಳಗಿನಿಂದಲೂ ಹೊಡೆಯುವುದರಿಂದ ಬ್ಯಾಗುಗಳನ್ನು ಇಟ್ಟಿಗೆಗಳ ಮೇಲೆ ಏರಿಸಿ, ಒಂದಕ್ಕೊಂದು ತಾಗುವಂತೆ ಗುಂಪಾಗಿ ಇಟ್ಟು, ಪಡುವಣದ ಬಿಸಿಲು ಬೀಳುವ ಕಡೆ ಶೇ 50ರ ನೆರಳುಪರದೆ ಕಟ್ಟಬೇಕು. ಇಡೀ ತಾರಸಿಯನ್ನು ದಿನವೆಲ್ಲ ಮುಚ್ಚಿದರೆ ಕಾಯಿಗಿಡಗಳು ಉದ್ದುದ್ದ ಬೆಳೆದು ಹೂಬಿಡದೆ ನಿಲ್ಲುತ್ತವೆ. ಅವಕ್ಕೆ ಐದಾರು ಗಂಟೆಯ ಬೆಳಗಿನ ಬಿಸಿಲು ಬೇಕೇ ಬೇಕು.

ಬಳ್ಳಿಗಳು, ಹೂವು ಮತ್ತು ಹಣ್ಣುನೊಣ

ಬಳ್ಳಿ ತರಕಾರಿಗಳ ಬಗ್ಗೆ ಜನ ಕೇಳುವ ಪ್ರಶ್ನೆ ಒಂದೇ: ಹೂವು ಬೇಕಾದಷ್ಟು, ಕಾಯಿ ಮಾತ್ರ ಇಲ್ಲವೇಕೆ? ಈ ಬಳ್ಳಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಬೇರೆ. ಮೊದಲ ಒಂದೆರಡು ವಾರ ಬರುವುದು ಬಹುತೇಕ ಗಂಡು ಹೂವುಗಳೇ. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಇರುತ್ತದೆ, ಗಂಡು ಹೂವಿನ ಹಿಂದೆ ಬರೀ ತೊಟ್ಟು. ಹಗಲು ಉದ್ದವಾಗಿ ಬಿಸಿಲು ಏರಿದಂತೆ ಗಂಡು ಹೂವುಗಳ ಪ್ರಮಾಣ ಮತ್ತಷ್ಟು ಹೆಚ್ಚುತ್ತದೆ. ಬಿತ್ತನೆ ತಡವಾಗಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಈ ಹಂತದಲ್ಲಿ ಸುರಿದರೆ ಎಲೆ ಮಾತ್ರ ಬೆಳೆಯುತ್ತದೆ. ಸೋರೆ ಬಳ್ಳಿ ಚಪ್ಪರ ಮುಟ್ಟಿದೊಡನೆ ತುದಿಯನ್ನು ಚಿವುಟಿದರೆ ಪಕ್ಕದ ಕುಡಿಗಳು ಒಡೆಯುತ್ತವೆ. ಹೆಣ್ಣು ಹೂವುಗಳು ಆ ಕುಡಿಗಳಲ್ಲೇ ಹೆಚ್ಚು.

ಹೆಣ್ಣು ಹೂವು ಬಂದೂ ಹೀಚು ಹಳದಿಯಾಗಿ ಉದುರುತ್ತಿದ್ದರೆ ಪರಾಗ ಮುಟ್ಟಿಲ್ಲ ಎಂದೇ ತಿಳಿಯಬೇಕು. ಊರಿನ ಮಧ್ಯದ ಮನೆಗಳಿಗೆ ಜೇನು ಬರುವುದು ಕಡಿಮೆ. ಆ ಕೆಲಸವನ್ನು ನಾವೇ ಮಾಡಬೇಕು. ಇಲ್ಲಿ ಹೊತ್ತು ಮುಖ್ಯ. ಕುಂಬಳ, ಸೌತೆ, ಹಾಗಲದ ಹೂವು ಅರಳುವುದು ಬೆಳಗ್ಗೆ. ಸೋರೆ, ಹೀರೆ, ಪಡವಲದ ಹೂವು ಅರಳುವುದು ಸಂಜೆಗೆ. ಇದನ್ನರಿಯದೆ ನಾನು ಬಹಳ ದಿನ ಬೆಳಗಿನ ಕಾಫಿ ಹಿಡಿದು ಮುದುಡಿದ ಸೋರೆ ಹೂವುಗಳನ್ನು ಬಿಡಿಸಿ ಬಿಡಿಸಿ ಒರೆಸುತ್ತಿದ್ದೆ. ಆಗತಾನೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಸುಲಿದು, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದರೆ ಸಾಕು; ನಾಲ್ಕೈದು ದಿನದಲ್ಲಿ ಹೀಚು ದಪ್ಪವಾಗಿ ಬಾಗತೊಡಗುತ್ತದೆ.

ಅಲ್ಲಿಂದ ಮುಂದೆ ಹಣ್ಣುನೊಣದ ಕಾಟ. ಅದು ಎಳೆಯ ಹೀಚಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟು ಒಸರಿ, ಕಾಯಿ ಸೊಟ್ಟಗಾಗಿ, ಒಳಗೆ ಹುಳುವಾಗಿ ಕೊಳೆಯುತ್ತದೆ. ಒಳಗಿರುವ ಹುಳುವಿಗೆ ಹೊರಗಿನ ಸಿಂಪಡಣೆ ತಟ್ಟುವುದಿಲ್ಲ. ಮನೆಯ ಮಟ್ಟಿಗೆ ಅತ್ಯಂತ ಖಚಿತವಾದ ಉಪಾಯವೆಂದರೆ ಕಾಯಿಕಟ್ಟಿದ ಎರಡು ಮೂರು ದಿನದೊಳಗೆ ಹೀಚಿಗೆ ಕಾಗದದ ಅಥವಾ ತೆಳುಬಟ್ಟೆಯ ಚೀಲ ತೊಡಿಸಿ ತೊಟ್ಟಿನ ಬಳಿ ಕಟ್ಟುವುದು. ಹೀರೆಗೆ ನಾನು ಹಳೆಯ ಪಂಚೆಯ ತುಂಡಿನಿಂದ ಹೊಲಿದ ಉದ್ದನೆಯ ಚೀಲಗಳನ್ನು ಬಳಸುತ್ತೇನೆ. ಹೊರಗಿನಿಂದ ನೋಡುವವರಿಗೆ ಚಪ್ಪರದಲ್ಲಿ ಕಾಲುಚೀಲ ಒಣಹಾಕಿದಂತೆ ಕಾಣುತ್ತದೆ. ಗಂಡು ನೊಣಗಳನ್ನು ಸೆಳೆಯುವ ಕ್ಯೂ-ಲೂರ್ ಬಲೆಯನ್ನು ಬಳ್ಳಿ ಹೂಬಿಡುವ ಮೊದಲೇ ತೂಗುಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಚುಚ್ಚಿಸಿಕೊಂಡು ಬಿದ್ದ ಕಾಯಿಗಳನ್ನು ಅಲ್ಲೇ ಬಿಡಬಾರದು: ಹುಳು ಕಾಯಿಯಿಂದಿಳಿದು ಮಣ್ಣಿನಲ್ಲಿ ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಅವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಒಂದು ವಾರ ಬಿಸಿಲಿನಲ್ಲಿಡಬೇಕು.

ಎರಡು ಎಲೆಯ ಸಸಿಯನ್ನು ಜರಡಿ ಮಾಡುವ ಕೆಂಪು ಕುಂಬಳದ ದುಂಬಿಗೆ ಬೆಳಗಿನ ಇಬ್ಬನಿಯಲ್ಲಿ ಸೌದೆಯ ಬೂದಿ ಉದುರಿಸಿದರೆ ಸಾಕು, ಅದು ಆ ಎಲೆಗೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ. ಇನ್ನೊಂದು ಎಚ್ಚರಿಕೆ: ಬೇಸಿಗೆಯ ಸೋರೆ, ಸೌತೆಗಳು ಕೆಲವೊಮ್ಮೆ ಕಹಿಯಾಗುತ್ತವೆ. ಅಡುಗೆಗೆ ಮೊದಲು ಚೂರೊಂದನ್ನು ನಾಲಗೆಗೆ ಮುಟ್ಟಿಸಿ ನೋಡಿ, ಸೋರೆ ಕಹಿಯಾಗಿದ್ದರೆ ಆ ಕಾಯಿಯನ್ನು ಪೂರ್ತಿಯಾಗಿ ಎಸೆಯಬೇಕು. ಬೇಯಿಸಿದರೂ ಆ ಕಹಿಯ ವಿಷ ಹೋಗುವುದಿಲ್ಲ, ಅದರ ರಸ ಕುಡಿದು ಪ್ರಾಣಾಪಾಯವಾದದ್ದೂ ಉಂಟು.

ಟೊಮೆಟೊ ಮತ್ತು ಮೆಣಸಿನಕಾಯಿ

ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗುವುದನ್ನು ನಾನು ಕೊಳೆರೋಗವೆಂದು ತಿಳಿದು ಶಿಲೀಂಧ್ರನಾಶಕ ಹೊಡೆದಿದ್ದೆ. ಅದು ರೋಗವೇ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಹಾಗಾಗುತ್ತದೆ, ಮತ್ತು ಕ್ಯಾಲ್ಸಿಯಂ ಸಾಗುವುದು ನೀರಿನ ಜೊತೆಗೆ. ಎರಡು ದಿನ ಒಣಗಿಸಿ ಮೂರನೆಯ ದಿನ ಮುಳುಗಿಸುವವರ ಮಣ್ಣಿನಲ್ಲಿ ಸುಣ್ಣವಿದ್ದರೂ ಪ್ರಯೋಜನವಿಲ್ಲ. ಮೊಟ್ಟೆಯ ಸಿಪ್ಪೆಯ ಪುಡಿ ಹಾಕಿದೊಡನೆ ಇದು ವಾಸಿಯಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ; ಆ ಪುಡಿ ಮಣ್ಣಿನಲ್ಲಿ ಕರಗಲು ತಿಂಗಳುಗಳೇ ಬೇಕು. ನೀರನ್ನು ಸಮಮಾಡಿ ಹೊದಿಕೆ ಹಾಕಿದ ಮೇಲೆ ಬಂದ ಗೊಂಚಲುಗಳಲ್ಲಿ ಈ ದೋಷ ನಮ್ಮಲ್ಲಿ ತಾನಾಗಿ ನಿಂತಿತು. ಹಣ್ಣು ಬಿರಿಯುವುದಕ್ಕೂ ಕಾರಣ ಅದೇ ಏರುಪೇರು.

ಮೆಣಸಿನ ಎಲೆ ಮುಟುರುವುದು ನಿಜವಾದ ಕೀಟಬಾಧೆ, ಆದರೆ ಎರಡು ಬಗೆಯದು. ಎಲೆಯಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸಹೀರುವ ಸಣ್ಣ ಕೀಟ, ಬೋರಲು ದೋಣಿಯಂತೆ ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಥ್ರಿಪ್ಸ್ ಒಣಹವೆಯಲ್ಲಿ ಹೆಚ್ಚುತ್ತದೆ. ಮುಟುರಿದ ಕುಡಿಗಳನ್ನು ಚಿವುಟಿ ತೆಗೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಚೆನ್ನಾಗಿ ಕದಡಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ತಾಗುವಂತೆ ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಬೇಕು. ಹಗಲು ಸಿಂಪಡಿಸಿದರೆ ಎಣ್ಣೆಯಿಂದ ಎಲೆ ಸುಡುತ್ತದೆ. ಕಾಂಡಕ್ಕೆ ಬಿಳಿಯ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟುತಿಗಣೆಯನ್ನು ನೀರಿನ ರಭಸದಿಂದ ಕೆಡವಿ, ಅದನ್ನು ಹೊತ್ತು ಸಾಗಿಸುವ ಇರುವೆಗಳ ದಾರಿಯನ್ನೂ ತಡೆಯದಿದ್ದರೆ ಮೂರನೆಯ ದಿನಕ್ಕೆ ಮತ್ತೆ ಹಾಜರಾಗುತ್ತದೆ. ಬೆಂಡೆಯ ಎಲೆಯ ನರಗಳು ಹಳದಿ ಬಲೆಯಂತಾದರೆ ಅದು ಬಿಳಿನೊಣ ತಂದ ನಂಜುರೋಗ. ಆ ಗಿಡಕ್ಕೆ ಮದ್ದಿಲ್ಲ, ಕಿತ್ತು ಉಳಿದವನ್ನು ಕಾಪಾಡಿಕೊಳ್ಳಬೇಕು. ಅಲಸಂದೆಯ ಕುಡಿಯಲ್ಲಿ ಕಪ್ಪು ಸಸ್ಯಹೇನು ಮುತ್ತಿದ್ದಾಗ ಮಾತ್ರ ಒಂದು ವಾರ ತಾಳ್ಮೆಯಿಂದ ನೋಡಿ. ಗುಲಗಂಜಿ ಹುಳುಗಳು ಬಂದಿದ್ದರೆ ಅವೇ ಆ ಕೆಲಸವನ್ನು ಮುಗಿಸುತ್ತವೆ.

ಪೋಷಣೆಗೆ ನಾನು ಹದಿನೈದು ದಿನಕ್ಕೊಮ್ಮೆ ಜೀವಾಮೃತ ಕೊಡುತ್ತೇನೆ. 10 ಲೀಟರ್ ನೀರಿಗೆ ಅರ್ಧ ಕೆ.ಜಿ. ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, ತಲಾ 100 ಗ್ರಾಂ ಬೆಲ್ಲ ಮತ್ತು ಕಡಲೆಹಿಟ್ಟು, ಒಂದು ಹಿಡಿ ಹಿತ್ತಲ ಮಣ್ಣು ಸೇರಿಸಿ ನೆರಳಿನಲ್ಲಿಟ್ಟು, ದಿನಕ್ಕೆ ಎರಡು ಸಲ ಕಲಕಿ, ಎರಡು ಮೂರು ದಿನದ ಮೇಲೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕುವುದು. ವಾರದೊಳಗೆ ಖರ್ಚು ಮಾಡಬೇಕು.

ಸೊಪ್ಪು

ಮೆಂತ್ಯ, ಕೊತ್ತಂಬರಿಗಳು ಬಿಸಿಲಿಗೆ ಬೇಗ ಹೂವಿಗೆ ಹೋಗುತ್ತವೆ; ಹೀರೆಯ ಚಪ್ಪರದಡಿಯ ನೆರಳಿನಲ್ಲಿ ಹಾಕಿದರೆ ಒಂದಿಷ್ಟು ಕೈಗೆ ಹತ್ತುತ್ತವೆ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಒತ್ತಿ ಎರಡು ಹೋಳು ಮಾಡಿ ನೆನೆಸಿ ಬಿತ್ತಬೇಕು, ಮೊಳೆಯಲು ಹತ್ತು ಹದಿನೈದು ದಿನ ಕಾಯಬೇಕು. ಹೊಸದಾಗಿ ತೋಟ ಮಾಡುವವರಿಗೆ ನನ್ನ ಸಲಹೆ ದಂಟು ಮತ್ತು ಹರಿವೆ. 25ರಿಂದ 30 ದಿನದಲ್ಲಿ ಸಾರಿಗೆ ಬರುವ, ಬಿಸಿಲಿಗೆ ಹೆದರದ ಈ ಸೊಪ್ಪುಗಳಿಂದ ಆರಂಭಿಸಿದರೆ ಉಳಿದ ಗಿಡಗಳಿಗಾಗಿ ಕಾಯುವ ತಾಳ್ಮೆ ಉಳಿಯುತ್ತದೆ. ಬಸಳೆಯ ಒಂದು ಕಡ್ಡಿ ನೆಟ್ಟರೆ ಬೇರೆ ಮಾತೇ ಬೇಡ.

ಮೊದಲ ಮಳೆಗಳು

ಏಪ್ರಿಲ್ ನಡುವಿನಿಂದ ಅಶ್ವಿನಿ, ಆಮೇಲೆ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕಾ ಮಳೆಯ ನಕ್ಷತ್ರಗಳು. ಸಂಜೆಯ ಗುಡುಗು, ಗಾಳಿ, ಕೆಲವೊಮ್ಮೆ ಆಲಿಕಲ್ಲು. ಒಂದೇ ಗಂಟೆಯಲ್ಲಿ ಚಪ್ಪರ ನೆಲಕ್ಕೆ ಬರಬಹುದು. ಯುಗಾದಿಯೊಳಗೆ ಟೊಮೆಟೊ, ಬದನೆಗಳಿಗೆ ಗೂಟ ಕೊಟ್ಟು, ಚಪ್ಪರದ ಗಳುಗಳನ್ನು ಮತ್ತೊಮ್ಮೆ ಬಿಗಿದಿರಬೇಕು. ತಗ್ಗುಮಡಿಗಳ ಅಂಚನ್ನು ಒಡೆಯಬೇಕಾದದ್ದೂ ಈಗಲೇ, ಏಕೆಂದರೆ ಒಂದು ರಾತ್ರಿ ನೀರು ನಿಂತರೆ ಮೆಣಸಿನ ಗಿಡ ಉಳಿಯುವುದಿಲ್ಲ. ಮಳೆಯ ಮಾರನೆಯ ದಿನ ನೆಲಕ್ಕೆ ತಾಗಿರುವ ಹಳೆಯ ಎಲೆಗಳನ್ನು ಕತ್ತರಿಸಿ ಗಾಳಿಯಾಡುವಂತೆ ಮಾಡಬೇಕು. ಈ ಹೊತ್ತಿನಲ್ಲಿ ಬೆಂಡೆ ಒಂದೇ ದಿನಕ್ಕೆ ಬಲಿತು ನಾರಾಗುವುದರಿಂದ ದಿನ ಬಿಟ್ಟು ದಿನ ಕೊಯ್ಯಲೇಬೇಕು, ಕೊಯ್ಯದೆ ಬಿಟ್ಟ ಒಂದು ಬಲಿತ ಕಾಯಿ ಆ ಗಿಡದ ಹೊಸ ಹೂವುಗಳನ್ನು ತಡೆಯುತ್ತದೆ.

ಕಳೆದ ವರ್ಷ ನಾನು ಒಂದು ಗಿಡವನ್ನು ಮಾತ್ರ ಬೇಕೆಂದೇ ಹಾಗೆ ಬಿಟ್ಟೆ. ಬೀಜಕ್ಕಾಗಿ ಬೆಂಡೆಯ ಸಾಲಿನಲ್ಲಿ ರೋಗವಿಲ್ಲದ, ಬೇಗ ಕಾಯಿಬಿಟ್ಟ ಗಿಡವನ್ನು ಫಲ ಆರಂಭವಾದಾಗಲೇ ಆರಿಸಿ ದಾರ ಕಟ್ಟಿ ಗುರುತಿಡಬೇಕು. ಕಾಯಿ ಗಿಡದಲ್ಲೇ ಒಣಗಿ ಗೆರೆಗಳಲ್ಲಿ ಬಿರಿಯತೊಡಗಿದಾಗ, ಮಳೆ ತಾಗುವ ಮೊದಲು ಕಿತ್ತು, ನೆರಳಿನಲ್ಲಿ ಒಂದು ವಾರ ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ತುಂಬಬೇಕು. ಬಳ್ಳಿಗಳಲ್ಲಿ ತಳಿ ಬೆರಕೆಯಾಗದಂತೆ, ಅರಳುವ ಮುನ್ನವೇ ಚೀಲ ಕಟ್ಟಿ ಕೈಯಿಂದ ಪರಾಗ ಮುಟ್ಟಿಸಿದ ಹೂವಿನ ಕಾಯಿಯನ್ನೇ ಬೀಜಕ್ಕೆ ಬಿಡಬೇಕು. ಹಾಗೆ ಬಿಟ್ಟ ಒಂದು ಸೋರೆ ಈಗ ಅಡುಗೆಮನೆಯ ಅಟ್ಟದಿಂದ ತೂಗುತ್ತಿದೆ; ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ಅದನ್ನು ಒಡೆಯುವುದು ಬರುವ ಫೆಬ್ರುವರಿಯಲ್ಲಿ.